ಬಸ್ಸು ಶಿವಪುರದಲ್ಲಿ ನಿಲ್ಲಲಿ

ಭಾಷೆ ಕಲಿಸುವ ಬೇಸಿಗೆ ಶಿಬಿರಗಳ ವೇಳಾಪಟ್ಟಿ ಹೆಚ್ಚುಕಡಿಮೆ ಎಲ್ಲ ದೇಶಗಳಲ್ಲೂ ಒಂದೇ ಬಗೆ. ಸೋಮವಾರದಿಂದ ಶುಕ್ರವಾರದವರೆಗಿನ ಚೌಕಗಳಲ್ಲಿ ವ್ಯಾಕರಣ, ಸಂಭಾಷಣೆ, ಓದು, ಉಕ್ತಲೇಖನ ಕಿಕ್ಕಿರಿದಿರುತ್ತವೆ. ಶನಿವಾರದ ಚೌಕದಲ್ಲಿ ಮಾತ್ರ ಒಂದೇ ಪದ: ಪ್ರವಾಸ. ಐದು ದಿನಗಳ ಬಗ್ಗೆ ಅಷ್ಟೊಂದು ತಲೆ ಕೆಡಿಸಿಕೊಂಡವರು ಆರನೆಯ ದಿನಕ್ಕೆ ಬರುವಷ್ಟರಲ್ಲಿ ದಣಿದಿರುತ್ತಾರೋ ಏನೋ, ಒಂದು ಬಸ್ಸು, ಒಂದು ಊಟದ ಪೊಟ್ಟಣ, ಒಂದು ಗುಡಿ ಅಥವಾ ಅರಮನೆ ಗೊತ್ತುಮಾಡಿ ಕೈತೊಳೆದುಕೊಳ್ಳುತ್ತಾರೆ. ಪ್ಯಾರಿಸ್ಸಿನಲ್ಲಿ ಫ್ರೆಂಚ್ ಕಲಿಯುವವರಿಗೆ ವರ್ಸಾಯ್, ಮೈಸೂರಿನಲ್ಲಿ ಕನ್ನಡ ಕಲಿಯುವವರಿಗೆ ಸೋಮನಾಥಪುರ. ಎರಡೂ ನೋಡಲೇಬೇಕಾದ ಜಾಗಗಳು, ಅನುಮಾನವಿಲ್ಲ. ಆದರೆ ಕಲಿಯುತ್ತಿರುವ ಭಾಷೆಯಲ್ಲಿ ಒಂದು ಮಾತನ್ನೂ ಆಡದೆ ಟಿಕೆಟ್ ಕೊಂಡು, ಕಲ್ಲು ನೋಡಿ, ಫೋಟೊ ತೆಗೆದುಕೊಂಡು ಸಂಜೆಗೆ ವಾಪಸಾಗಲು ಎರಡು ಕಡೆಯೂ ಸಕಲ ಸೌಕರ್ಯಗಳಿವೆ.

ಭಾಷಾ ಶಿಬಿರದ ಅತಿ ಮುಖ್ಯ ತರಗತಿ ನಡೆಯಬೇಕಾದದ್ದು ಶನಿವಾರ ಎಂದು ನಾನು ವಾದಿಸುತ್ತೇನೆ. ಮೈಸೂರು ಸೀಮೆಯಲ್ಲಿ ಕನ್ನಡ ಕಲಿಯುವವರ ಮಟ್ಟಿಗೆ ಆ ತರಗತಿಗೆ ಹೇಳಿ ಮಾಡಿಸಿದ ಜಾಗ ಮದ್ದೂರಿಗೆ ಅಂಟಿಕೊಂಡಿರುವ ಶಿವಪುರ.

ಮೈಸೂರು ಕನ್ನಡವನ್ನು ಹೊರಗಿನವರಿಗೆ ಕಲಿಸುವ ಊರಾಗಿ ಅರ್ಧ ಶತಮಾನ ದಾಟಿದೆ. 1969ರ ಜುಲೈಯಲ್ಲಿ ಭಾರತೀಯ ಭಾಷಾ ಸಂಸ್ಥಾನ ಇಲ್ಲಿ ಶುರುವಾಯಿತು; ಅದರ ದಕ್ಷಿಣ ವಲಯದ ಭಾಷಾ ಕೇಂದ್ರದಲ್ಲಿ ಬೇರೆ ರಾಜ್ಯಗಳ ಶಾಲಾ ಉಪಾಧ್ಯಾಯರು ಹತ್ತು ತಿಂಗಳು ಕೂತು ಕನ್ನಡವನ್ನೋ ಅದರ ಅಕ್ಕತಂಗಿಯರಾದ ತಮಿಳು, ತೆಲುಗು, ಮಲಯಾಳಗಳನ್ನೋ ಕಲಿತು ಹೋಗಿದ್ದಾರೆ. 1961ರಲ್ಲಿ ಸ್ಥಾಪನೆಯಾದ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ತನ್ನ ಕನ್ನಡ ತರಗತಿಗಳನ್ನು ನಡೆಸುವುದೂ ಮೈಸೂರಿನಲ್ಲೇ. ಅಮೆರಿಕದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ತಮ್ಮ ಬೇಸಿಗೆ ರಜೆಯಲ್ಲಿ, ಅಂದರೆ ನಮ್ಮ ಮುಂಗಾರಿನಲ್ಲಿ, ಛತ್ರಿ ಹಿಡಿದು ಕನ್ನಡ ಕಲಿಯಲು ಬರುತ್ತಾರೆ. ಇಂಥವರಿಗೆ ಪಾಠ ಹೇಳುವ ಮೇಷ್ಟ್ರುಗಳ ಶ್ರದ್ಧೆಯ ಬಗ್ಗೆ ನನ್ನ ತಕರಾರಿಲ್ಲ. ಎರಡು ತಿಂಗಳಲ್ಲಿ ಷಷ್ಠೀ ವಿಭಕ್ತಿಯನ್ನೂ ಒತ್ತಕ್ಷರಗಳನ್ನೂ ನಾಲಿಗೆಗೆ ಹತ್ತಿಸುವುದು ಸಾಮಾನ್ಯ ಕೆಲಸವಲ್ಲ. ನನ್ನ ಪ್ರಶ್ನೆ ಇಷ್ಟೇ: ಕಲಿತದ್ದನ್ನು ಎಲ್ಲಿ ಆಡುತ್ತಾರೆ, ಯಾರೊಂದಿಗೆ, ಯಾವ ಅಗತ್ಯಕ್ಕೆ?

ಈ ಪ್ರಶ್ನೆಯನ್ನು ಬಹಳ ಗಂಭೀರವಾಗಿ ಕೇಳಿಕೊಂಡವರು ಫ್ರೆಂಚ್ ಕಲಿಸುವವರು. ಕೆನಡಾದ ಮಾಂಟ್ರಿಯಲ್ ಬಳಿಯ ಸೇಂಟ್ ಲ್ಯಾಂಬರ್ಟ್ ಎಂಬಲ್ಲಿ 1965ರಲ್ಲಿ ಇಂಗ್ಲಿಷ್ ಮನೆಮಾತಿನ ತಂದೆತಾಯಿಗಳು ಹಟ ಹಿಡಿದು ತಮ್ಮ ಮಕ್ಕಳಿಗೆ ಶಿಶುವಿಹಾರದಿಂದಲೇ ಎಲ್ಲವನ್ನೂ ಫ್ರೆಂಚಿನಲ್ಲಿ ಕಲಿಸುವ ತರಗತಿ ತೆರೆಸಿದರು. ಅದು ಮುಂದೆ ಕೆನಡಾದ ಉದ್ದಗಲಕ್ಕೂ ಹರಡಿತು. ಇಪ್ಪತ್ತು ವರ್ಷಗಳ ನಂತರ, 1985ರಲ್ಲಿ, ಮೆರಿಲ್ ಸ್ವೇನ್ ಎಂಬ ಭಾಷಾತಜ್ಞೆ ಆ ಮಕ್ಕಳ ಬಗ್ಗೆ ಬರೆದದ್ದು ಉತ್ಸಾಹಿಗಳ ಬಾಯಿ ಕಟ್ಟಿಸುವಂತಿತ್ತು. ವರ್ಷಗಟ್ಟಲೆ ಫ್ರೆಂಚಿನಲ್ಲೇ ಗಣಿತ, ಇತಿಹಾಸ ಕಲಿತ ಮಕ್ಕಳು ಕೇಳಿ ಅರ್ಥ ಮಾಡಿಕೊಳ್ಳುವುದರಲ್ಲಿ ಹುಟ್ಟು ಫ್ರೆಂಚರಿಗೆ ಹತ್ತಿರ ಬಂದಿದ್ದರು. ಬಾಯಿ ತೆರೆದರೆ ಮಾತ್ರ ಹರಕು ಮುರುಕು. ತರಗತಿಯಲ್ಲಿ ಅವರಿಗೆ ಕೇಳುವ ಅವಕಾಶ ಬೇಕಾದಷ್ಟಿತ್ತು; ನಿಖರವಾಗಿ ಹೇಳದಿದ್ದರೆ ಕೆಲಸ ಕೆಡುತ್ತದೆ ಎನ್ನುವ ಒತ್ತಡ ಇರಲಿಲ್ಲ. ತಪ್ಪು ಹೇಳಿದರೂ ಮೇಷ್ಟ್ರಿಗೆ ಅರ್ಥವಾಗುತ್ತಿತ್ತು. ಸಹಪಾಠಿಗಳಿಗಂತೂ ಇನ್ನೂ ಚೆನ್ನಾಗಿ ಅರ್ಥವಾಗುತ್ತಿತ್ತು, ಏಕೆಂದರೆ ಅವರೂ ಅದೇ ತಪ್ಪು ಮಾಡುತ್ತಿದ್ದರು.

ಹಾಗಾದರೆ ಆ ಭಾಷೆಯ ನಾಡಿಗೇ ಹೋಗಿಬಿಟ್ಟರೆ ಆಯಿತಲ್ಲ ಎನ್ನಬಹುದು. ಆಗುವುದಿಲ್ಲ. ಬಾರ್ಬರಾ ಫ್ರೀಡ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನ ಈ ನಂಬಿಕೆಯ ಬುಡಕ್ಕೆ ಕೊಡಲಿ ಹಾಕಿತು. ಅಮೆರಿಕದ ವಿದ್ಯಾರ್ಥಿಗಳ ಮೂರು ಗುಂಪುಗಳನ್ನು ಅವರು ಹೋಲಿಸಿದರು: ತಮ್ಮ ಕಾಲೇಜಿನಲ್ಲೇ ಫ್ರೆಂಚ್ ಕಲಿತವರು, ಪ್ಯಾರಿಸ್ಸಿಗೆ ಹೋಗಿ ಕಲಿತವರು, ಅಮೆರಿಕದಲ್ಲೇ ಬೇಸಿಗೆಯ ಬಿಗಿ ಶಿಬಿರದಲ್ಲಿ ಕಲಿತವರು. ಮಾತಿನ ಓಘದಲ್ಲಿ ಹೆಚ್ಚು ಮುಂದೆ ಬಂದವರು ಶಿಬಿರದವರು, ಪ್ಯಾರಿಸ್ಸಿನವರಲ್ಲ. ಕಾರಣವೂ ಅಲ್ಲೇ ಸಿಕ್ಕಿತು. ಪ್ಯಾರಿಸ್ಸಿನಲ್ಲಿದ್ದವರು ತರಗತಿಯ ಹೊರಗೆ ಫ್ರೆಂಚಿಗಿಂತ ಹೆಚ್ಚು ಇಂಗ್ಲಿಷ್ ಆಡುತ್ತಿದ್ದರು. ಶಿಬಿರದವರು ವಾರದಲ್ಲಿ ಫ್ರೆಂಚ್ ಬಳಸುತ್ತಿದ್ದ ಗಂಟೆಗಳು ಬಹಳ ಹೆಚ್ಚು. ಇಂಥ ಶಿಬಿರಗಳ ಹಿರಿಯಜ್ಜ ಎನ್ನಬಹುದಾದ ವರ್ಮಾಂಟಿನ ಮಿಡಲ್‌ಬರಿ ಬೇಸಿಗೆ ಶಾಲೆ 1915ರಲ್ಲಿ ಜರ್ಮನ್ ಭಾಷೆಯೊಂದಿಗೆ ಶುರುವಾಗಿ ಮರುವರ್ಷ ಫ್ರೆಂಚನ್ನು ಸೇರಿಸಿಕೊಂಡಿತು. ಅಲ್ಲಿ ವಿದ್ಯಾರ್ಥಿಗಳು ಒಂದು ಪ್ರತಿಜ್ಞೆಗೆ ಸಹಿ ಹಾಕುತ್ತಾರೆ: ಶಿಬಿರ ಮುಗಿಯುವತನಕ ಕಲಿಯುತ್ತಿರುವ ಭಾಷೆ ಬಿಟ್ಟು ಬೇರೇನನ್ನೂ ಆಡುವಂತಿಲ್ಲ. ಊಟದ ಮನೆಯಲ್ಲೂ, ಆಟದ ಬಯಲಿನಲ್ಲೂ.

ಇದರಿಂದ ಒಂದು ಸುಲಭ ತೀರ್ಮಾನ ಹೊರಡುತ್ತದೆ. ಊರೇನೂ ಮುಖ್ಯವಲ್ಲ, ನಿಯಮ ಮುಖ್ಯ. ವಿದ್ಯಾರ್ಥಿಗಳನ್ನು ಗೇಟಿನೊಳಗೆ ಕೂಡಿಹಾಕಿ, ಪ್ರವಾಸವನ್ನೇ ರದ್ದು ಮಾಡಿ ಎನ್ನುವವರಿದ್ದಾರೆ. ಸೋಮನಾಥಪುರದ ಮಾದರಿಯ ಪ್ರವಾಸಗಳ ಬಗ್ಗೆ ಅವರು ಹೇಳುವುದು ಸರಿಯೇ. ಬಸ್ಸು ಹೊರಟ ಹತ್ತು ನಿಮಿಷಕ್ಕೆ ಪ್ರತಿಜ್ಞೆ ಕಿಟಕಿಯಿಂದಾಚೆ ಹಾರಿಹೋಗುತ್ತದೆ. ಇಪ್ಪತ್ತೈದು ಜನ ಒಂದೇ ಮನೆಮಾತಿನವರು ಒಂದೇ ಡಬ್ಬಿಯಲ್ಲಿ ಕೂತಾಗ ಯಾವ ಭಾಷೆ ಗೆಲ್ಲುತ್ತದೆ ಎಂಬುದನ್ನು ಹೇಳಲು ಸಂಶೋಧನೆ ಬೇಕಾಗಿಲ್ಲ. ಅಂಥ ಪ್ರವಾಸಕ್ಕಿಂತ ಹಾಸ್ಟೆಲಿನಲ್ಲಿ ಕೂತು ಅಡುಗೆಯವರೊಂದಿಗೆ ಈರುಳ್ಳಿ ಹೆಚ್ಚುವುದು ಮೇಲು. ಆದರೆ ಗೇಟಿನೊಳಗಿನ ಭಾಷೆಗೆ ಸ್ವೇನ್ ತೋರಿಸಿದ ರೋಗ ಬಡಿಯದೆ ಇರುವುದಿಲ್ಲ. ಕಲಿಯುವವರು ಕಲಿಯುವವರೊಂದಿಗೆ ಆಡುತ್ತ ಆಡುತ್ತ ಓಘ ಬರುತ್ತದೆ, ತಪ್ಪುಗಳಿಗೂ ಓಘ ಬರುತ್ತದೆ. ಎದುರಿಗಿರುವವನಿಗೆ ಅರ್ಥವಾಗದೆ ಅವನು ಹುಬ್ಬು ಗಂಟಿಕ್ಕಿ ಏನು ಎಂದು ಕೇಳಿದಾಗ ಮಾತನ್ನು ಬೇರೆ ರೀತಿ ತಿರುಗಿಸಿ ಹೇಳಬೇಕಲ್ಲ, ಆ ಕ್ಷಣ ಗೇಟಿನೊಳಗೆ ಹುಟ್ಟುವುದಿಲ್ಲ.

ಪ್ರತಿಜ್ಞೆಯನ್ನೂ ಉಳಿಸಿಕೊಂಡು ಊರಿಗೂ ಹೋಗುವ ದಾರಿ ಯಾವುದು? ಕೆನಡಾದವರಿಗೆ ಇದಕ್ಕೊಂದು ಹಳೆಯ ಉತ್ತರವಿದೆ, ಟ್ರುವಾ ಪಿಸ್ತೋಲ್. ಕ್ವಿಬೆಕ್ ಪ್ರಾಂತ್ಯದಲ್ಲಿ ಸೇಂಟ್ ಲಾರೆನ್ಸ್ ನದಿಯ ಕೆಳದಂಡೆಯ ಪುಟ್ಟ ಊರು. ಒಂಟಾರಿಯೊದ ವೆಸ್ಟರ್ನ್ ವಿಶ್ವವಿದ್ಯಾಲಯ 1932ರಿಂದ ಅಲ್ಲಿ ಫ್ರೆಂಚ್ ಶಿಬಿರ ನಡೆಸುತ್ತ ಬಂದಿದೆ. ವಿದ್ಯಾರ್ಥಿಗಳು ಊರಿನವರ ಮನೆಗಳಲ್ಲಿ ಉಳಿಯುತ್ತಾರೆ. ಮಾಂಟ್ರಿಯಲ್‌ನಂಥ ಮಹಾನಗರ ಬಿಟ್ಟು ಈ ಮೂಲೆಗೆ ಯಾಕೆ ಹೋದರು ಎಂದು ಕೇಳಿದರೆ ಉತ್ತರ ಮಾಂಟ್ರಿಯಲ್‌ನಲ್ಲೇ ಇದೆ. ಆ ನಗರದ ಅಂಗಡಿಯವರು ಗಿರಾಕಿಯನ್ನು ಫ್ರೆಂಚ್ ಮತ್ತು ಇಂಗ್ಲಿಷ್ ನಮಸ್ಕಾರಗಳೆರಡನ್ನೂ ಒಂದೇ ಉಸಿರಲ್ಲಿ ಜೋಡಿಸಿ ಸ್ವಾಗತಿಸುತ್ತಾರೆ. ಇದು ಎಷ್ಟರ ಮಟ್ಟಿಗೆ ರೂಢಿಯಾಯಿತೆಂದರೆ 2017ರ ನವೆಂಬರಿನಲ್ಲಿ ಕ್ವಿಬೆಕ್ ಶಾಸನಸಭೆ, ಬರೀ ಫ್ರೆಂಚಿನಲ್ಲಿ ನಮಸ್ಕರಿಸಿರಪ್ಪಾ ಎಂದು ಅಂಗಡಿಯವರನ್ನು ಕೇಳಿಕೊಳ್ಳುವ ನಿರ್ಣಯವನ್ನೇ ಮಾಡಬೇಕಾಯಿತು. ತಡವರಿಸುತ್ತ ಫ್ರೆಂಚ್ ಆಡುವ ಹುಡುಗನಿಗೆ ಮಾಂಟ್ರಿಯಲ್‌ನ ಅಂಗಡಿಯವಳು ಒಳ್ಳೆಯತನದಿಂದಲೇ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಅಲ್ಲಿಗೆ ಅವನ ಆ ದಿನದ ಪಾಠ ಮುಗಿಯಿತು.

ಈ ಒಳ್ಳೆಯತನ ನಮಗೆ ಹೊಸದೇ? ಎದುರಿಗಿರುವವರ ಭಾಷೆಗೆ ಜಾರುವುದರಲ್ಲಿ ಬೆಂಗಳೂರಿನ ಕನ್ನಡಿಗನನ್ನು ಮೀರಿಸಿದವರಿಲ್ಲ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲೂ ಬಿಳಿಯ ಮೈಬಣ್ಣ ಕಂಡ ಕೂಡಲೇ ಹೂವಿನವರು, ಗಂಧದೆಣ್ಣೆಯವರು ಇಂಗ್ಲಿಷಿಗೆ ಇಳಿಯುತ್ತಾರೆ. ಕನ್ನಡ ಕಲಿಯಲೆಂದೇ ಏಳು ಸಮುದ್ರ ದಾಟಿ ಬಂದವಳು ಗೋಗರೆದರೂ ಬಿಡುವುದಿಲ್ಲ. ಅಮೆರಿಕದಲ್ಲಿ ಬೆಳೆದ ಕನ್ನಡದ ಮಕ್ಕಳ ಕತೆಯೂ ಇದೇ. ಬೇಸಿಗೆ ರಜೆಗೆ ಮಂಡ್ಯದ ಅಜ್ಜಿಮನೆಗೆ ಬಂದ ಮೊಮ್ಮಕ್ಕಳು ಅಲ್ಲಿ ಭಾಷೆ ಕಲಿತುಕೊಂಡು ಹೋಗಲಿ ಎಂದು ಹೆತ್ತವರ ಆಸೆ. ಆದರೆ ಓರಗೆಯ ಸೋದರ ಸೋದರಿಯರು ತಮ್ಮ ಕಾನ್ವೆಂಟ್ ಇಂಗ್ಲಿಷನ್ನು ಮಿರುಗಿಸಿಕೊಳ್ಳಲು ಇದೇ ಸಮಯ ಎಂದುಕೊಂಡಿರುತ್ತಾರೆ. ಕೊನೆಗೆ ಆ ಮಕ್ಕಳಿಗೆ ನಿಜವಾಗಿ ಕನ್ನಡ ಕಲಿಸುವವಳು ಬೇರೆ ಭಾಷೆ ಬಾರದ ಅಜ್ಜಿ ಒಬ್ಬಳೇ.

ಆದ್ದರಿಂದ ಮದ್ದೂರು, ಆದ್ದರಿಂದ ಶಿವಪುರ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ವಾರಾಂತ್ಯದ ಕಾರುಗಳು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಯಾವುದನ್ನೂ ಮುಟ್ಟದೆ ಬೈಪಾಸಿನಲ್ಲಿ ಸಾಗುತ್ತವೆ. ಹಿಂದೆ ವಡೆಗೋ ಎಳನೀರಿಗೋ ಮದ್ದೂರಿನಲ್ಲಿ ಇಳಿಯುತ್ತಿದ್ದವರು ಕನಿಷ್ಠ ನಾಲ್ಕು ಮಾತನ್ನಾದರೂ ಕನ್ನಡದಲ್ಲಿ ಆಡಬೇಕಾಗುತ್ತಿತ್ತು. ಈಗ ಎರಡು ಮಹಾನಗರಗಳ ನಡುವೆ ಒಂದೇ ಒಂದು ಕನ್ನಡ ಪದದ ಹಂಗಿಲ್ಲದೆ ಓಡಾಡಬಹುದು. ಹೆದ್ದಾರಿ ಬೇಡವಾಗಿತ್ತು ಎಂದು ನಾನು ಹೇಳುತ್ತಿಲ್ಲ, ಆಂಬುಲೆನ್ಸಿನವರನ್ನು ಕೇಳಿದರೆ ಅದರ ಬೆಲೆ ಗೊತ್ತಾಗುತ್ತದೆ. ಆದರೆ ಭಾಷೆ ಕಲಿಯುವವರ ಬಸ್ಸಿಗೆ ಅವಸರವೇನಿದೆ? ಅವರು ಹಳೆಯ ರಸ್ತೆಯಲ್ಲೇ ಹೋಗಲಿ. ಸಾಧ್ಯವಾದರೆ ಬಸ್ಸಿನ ಸಹವಾಸವೇ ಬೇಡ. ಮೈಸೂರಿನಿಂದ ರೈಲು ಹತ್ತಿ ಮದ್ದೂರಿನಲ್ಲಿ ಇಳಿಯಲಿ. ರೈಲಿನ ಸಾಮಾನ್ಯ ಬೋಗಿಯಲ್ಲಿ ಇಪ್ಪತ್ತೈದು ಜನ ಒಟ್ಟಿಗೆ ಕೂರಲು ಜಾಗ ಸಿಗುವುದಿಲ್ಲ, ಚದುರಿ ಕೂರಲೇಬೇಕು. ಶಿಬಿರದ ಪ್ರತಿಜ್ಞೆ ಸಾಧಿಸಲಾಗದ್ದನ್ನು ರೈಲಿನ ನೂಕುನುಗ್ಗಲು ಸಾಧಿಸುತ್ತದೆ.

ಶಿವಪುರದಲ್ಲಿ ನೋಡುವುದಕ್ಕೆ ಏನಿದೆ ಎಂದು ಪ್ರವಾಸ ಏರ್ಪಡಿಸುವವರು ಕೇಳುತ್ತಾರೆ. ನೋಡುವುದಕ್ಕೆ ಹೆಚ್ಚೇನಿಲ್ಲ, ಹೆದ್ದಾರಿಯ ಪಕ್ಕ ಸತ್ಯಾಗ್ರಹ ಸೌಧವಿದೆ, ಅಷ್ಟೆ. ಕೇಳುವುದಕ್ಕೆ ಬಹಳ ಇದೆ, ನನ್ನ ವಾದ ನಿಂತಿರುವುದು ಈ ವ್ಯತ್ಯಾಸದ ಮೇಲೆ. 1938ರ ಏಪ್ರಿಲ್‌ನಲ್ಲಿ ಮೈಸೂರು ಸಂಸ್ಥಾನದ ಕಾಂಗ್ರೆಸ್ಸು ತನ್ನ ಮೊದಲ ಅಧಿವೇಶನವನ್ನು ಶಿಂಷಾ ನದಿಯ ಬದಿಯ ಈ ಹಳ್ಳಿಯಲ್ಲಿ, ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ನಡೆಸಿತು. ಹಿಂದಿನ ವರ್ಷವಷ್ಟೇ ಪ್ರಜಾಪಕ್ಷ, ಪ್ರಜಾಮಿತ್ರ ಮಂಡಳಿಯವರ ಕೂಟ ಕಾಂಗ್ರೆಸ್ಸಿನಲ್ಲಿ ವಿಲೀನವಾಗಿತ್ತು. ಬ್ರಾಹ್ಮಣೇತರ ಚಳವಳಿಯ ಹಿನ್ನೆಲೆಯ ಹಳ್ಳಿಯ ಗೌಡರು, ರೈತರು ಆಗಷ್ಟೇ ಆ ಪಕ್ಷದೊಳಕ್ಕೆ ಬಂದಿದ್ದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಸರ್ಕಾರ ಕಾಂಗ್ರೆಸ್ ಧ್ವಜ ಹಾರಿಸಕೂಡದೆಂದು ನಿಷೇಧಾಜ್ಞೆ ಹೊರಡಿಸಿತು. ಏಪ್ರಿಲ್ 11ರಂದು ಸಾವಿರಾರು ಜನರ ಎದುರಿಗೆ ಧ್ವಜ ಏರಿತು, ನಾಯಕರ ಬಂಧನವಾಯಿತು. ಎರಡು ವಾರ ಕಳೆಯುವಷ್ಟರಲ್ಲಿ, ಏಪ್ರಿಲ್ 25ರಂದು, ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಇದೇ ಧ್ವಜದ ಕಾರಣಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆಮೇಲೆ ವಲ್ಲಭಭಾಯಿ ಪಟೇಲರು ಬಂದು ಮಿರ್ಜಾ ಅವರೊಂದಿಗೆ ಮಾತುಕತೆ ನಡೆಸಿ, ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ಸಿನದ್ದೂ ಹಾರಬಹುದು ಎಂಬ ಒಪ್ಪಂದವಾಯಿತು.

ಇಷ್ಟು ಯಾವ ಪುಸ್ತಕದಲ್ಲೂ ಸಿಗುತ್ತದೆ, ಇಂಗ್ಲಿಷಿನಲ್ಲೂ ಸಿಗುತ್ತದೆ. ಸಿಗದೇ ಇರುವುದು ಬೇರೆ. ಅಧಿವೇಶನ ನಡೆದ ಹೊಲ ಯಾರದು, ಅವರ ಮೇಲೆ ಒತ್ತಡ ಬಂದಿತ್ತೆ, ಅಷ್ಟು ಜನರಿಗೆ ಅನ್ನ ಬೇಯಿಸಿದವರು ಯಾರು, ಯಾರ ಮನೆಯ ಹೆಂಗಸರು ಹೊರಗೆ ಬಂದರು, ಯಾರ ಕೇರಿಯವರನ್ನು ಹತ್ತಿರ ಬಿಟ್ಟುಕೊಂಡರು, ಯಾರನ್ನು ಬಿಟ್ಟುಕೊಳ್ಳಲಿಲ್ಲ. ಧ್ವಜವನ್ನು ಏರಿಸಿದ ಕೈ ಯಾವುದು ಎಂಬುದರಲ್ಲೇ ಒಬ್ಬೊಬ್ಬರ ನಿರೂಪಣೆ ಒಂದೊಂದು ಥರ. ಇವಕ್ಕೆಲ್ಲ ಉತ್ತರ ಇದ್ದರೆ ಅದು ಈಗ ಎಪ್ಪತ್ತು ಎಂಬತ್ತು ದಾಟಿದವರು ತಂದೆತಾಯಿಗಳಿಂದ ಕೇಳಿಸಿಕೊಂಡ ರೂಪದಲ್ಲಿ, ಕನ್ನಡದಲ್ಲಿ ಮಾತ್ರ ಇದೆ. ಕೇಳಿ ತಿಳಿದದ್ದನ್ನು ಹೇಳುವಾಗ ಕನ್ನಡದ ಕ್ರಿಯಾಪದ ಬಾಲಕ್ಕೊಂದು 'ಅಂತೆ' ಕಟ್ಟಿಕೊಳ್ಳುತ್ತದೆ ಎಂದು ತರಗತಿಯಲ್ಲಿ ಹೇಳಿಕೊಡುತ್ತಾರೆ, ವಿದ್ಯಾರ್ಥಿಗಳು ಹತ್ತು ವಾಕ್ಯ ಬರೆದು ತೋರಿಸುತ್ತಾರೆ. ಅಪ್ಪ ಕಂಡದ್ದನ್ನು ಮಗ ಹೇಳುವ ಜಗಲಿಯ ಮೇಲೆ ಕೂತು ಕೇಳಿದವರಿಗೆ ಅದು ಯಾಕಿದೆ ಎಂಬುದು ಗೊತ್ತಾಗುತ್ತದೆ.

ಪ್ರವಾಸಕ್ಕೆ ಕೆಲಸ ಬೇಕು ಎನ್ನುವುದು ಇದಕ್ಕೇ. ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಹೋಗಿ, ಒಂದೇ ಘಟನೆಯನ್ನು ಬೇರೆ ಬೇರೆ ಮನೆಗಳಲ್ಲಿ ಕೇಳಿಕೊಂಡು ಬಂದು, ಸೋಮವಾರ ತರಗತಿಯಲ್ಲಿ ಆ ನಿರೂಪಣೆಗಳು ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂದು ಜಗಳವಾಡಲಿ. ತಪ್ಪಾಗಿ ಕೇಳಿಸಿಕೊಂಡವರು ಸಿಕ್ಕಿಬೀಳುತ್ತಾರೆ. ಸಿಕ್ಕಿಬಿದ್ದವರು ಮುಂದಿನ ಶನಿವಾರ ಅದೇ ಮನೆಗೆ ಮತ್ತೆ ಹೋಗಿ ಕೇಳಬೇಕಾಗುತ್ತದೆ. ಎರಡನೆಯ ಸಲ ಹೋಗುವುದು ಬಹಳ ಮುಖ್ಯ. ಎಂಟು ವಾರಾಂತ್ಯಕ್ಕೆ ಎಂಟು ಊರು ತೋರಿಸುವ ಶಿಬಿರ ಎಂಟು ಸಲವೂ ಹೆಸರು, ಊರು, ಎಷ್ಟು ಜನ ಮಕ್ಕಳು ಎಂಬಲ್ಲಿಗೇ ನಿಲ್ಲುತ್ತದೆ. ಒಂದೇ ಊರಿಗೆ ಮೂರು ಸಲ ಹೋದರೆ ಮೂರನೆಯ ಸಲ ಊರಿನವರೇ ಪ್ರಶ್ನೆ ಕೇಳಲು ಶುರುಮಾಡುತ್ತಾರೆ: ನಿಮ್ಮ ದೇಶದಲ್ಲಿ ಟನ್ನು ಕಬ್ಬಿಗೆ ಏನು ಕೊಡುತ್ತಾರೆ, ಇಷ್ಟು ವಯಸ್ಸಾದರೂ ಯಾಕೆ ಮದುವೆಯಾಗಿಲ್ಲ. ಮೊದಲ ಪ್ರಶ್ನೆಗೆ ಉತ್ತರ ಕೊಡಲು ಶಬ್ದಸಂಪತ್ತು ಬೇಕು, ಎರಡನೆಯದಕ್ಕೆ ಜಾಣತನ. ಎರಡೂ ಪಠ್ಯಪುಸ್ತಕದ ಆಚೆಯವು.

ಸುತ್ತಲಿನ ಸೀಮೆಯೂ ಇಂಥ ಕೆಲಸಗಳಿಗೆ ಒದಗುತ್ತದೆ. ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಲಾರಿಗಳು ದೂರದ ರಾಜ್ಯಗಳಿಗೆ ಹೊರಡುತ್ತವೆ. ಅಲ್ಲಿ ಎಣಿಕೆ, ದರ, ಕೊಸರಾಟ ಎಲ್ಲ ಬಿರುಸಿನ ಕನ್ನಡದಲ್ಲಿ ನಡೆಯುತ್ತವೆ. ಒಂದು ಗಂಟೆ ನಿಂತರೆ ಸಂಖ್ಯಾವಾಚಕಗಳ ಇಡೀ ಅಧ್ಯಾಯ ಮುಗಿಯುತ್ತದೆ. ಆಲೆಮನೆಗಳಿವೆ. ಮಳವಳ್ಳಿ ಕಡೆಗೆ ಹೋದರೆ ಗಗನಚುಕ್ಕಿ ಜಲಪಾತ ಹೇಗೂ ಎಲ್ಲ ಪಟ್ಟಿಗಳಲ್ಲೂ ಇದೆ. ಅದೇ ತಾಲ್ಲೂಕಿನ ಬೊಪ್ಪೇಗೌಡನಪುರದ ಮಂಟೇಸ್ವಾಮಿ ಮಠ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಹಕ್ಕಿಗಳ ಊರಾದ ಕೊಕ್ಕರೆ ಬೆಳ್ಳೂರಿನ ವಿಚಾರದಲ್ಲಿ ಮಾತ್ರ ಅಮೆರಿಕದ ಬೇಸಿಗೆ ಕೈಕೊಡುತ್ತದೆ. ಜೂನ್ ಜುಲೈಗೆ ಬರುವ ವಿದ್ಯಾರ್ಥಿಗಳಿಗೆ ಹೆಜ್ಜಾರ್ಲೆಗಳು ಮರಿ ಮಾಡಿಕೊಂಡು ಹೊರಟುಹೋದ ಮರಗಳಷ್ಟೇ ಉಳಿದಿರುತ್ತವೆ. ಅದೇನೂ ನಷ್ಟವಲ್ಲ. ಹಕ್ಕಿ ಇದ್ದಾಗ ಎಲ್ಲರೂ ಕತ್ತು ಮೇಲೆತ್ತಿ ಸುಮ್ಮನೆ ನೋಡುತ್ತಾರೆ. ಇಲ್ಲದಾಗ ಊರಿನವರನ್ನು ಕೇಳಬೇಕಾಗುತ್ತದೆ.

ಕನ್ನಡದ ಮೇಷ್ಟ್ರುಗಳಿಂದ ಬರುವ ಆಕ್ಷೇಪ ನನಗೆ ಗೊತ್ತು. ಮಂಡ್ಯದ ಹಳ್ಳಿಗೆ ಬಿಟ್ಟರೆ ವಿದ್ಯಾರ್ಥಿಗಳು ಕಲಿತ ಶುದ್ಧ ಕನ್ನಡ ಕೆಟ್ಟುಹೋಗುತ್ತದೆ. ಹಾಲು ಆಲಾಗುತ್ತದೆ, ಬರುತ್ತೇನೆ ಬತ್ತೀನಿ ಆಗುತ್ತದೆ, ಕ್ರಿಯಾಪದದ ಅರ್ಧ ಮಧ್ಯದಲ್ಲೇ ನುಂಗಿಹೋಗುತ್ತದೆ. ಪ್ಯಾರಿಸ್ಸಿನವರು ಕ್ವಿಬೆಕ್ಕಿನ ಫ್ರೆಂಚಿನ ಬಗ್ಗೆಯೂ ಬಹುಕಾಲ ಹೀಗೇ ಮೂಗು ಮುರಿದವರು. ಟ್ರುವಾ ಪಿಸ್ತೋಲ್‌ನ ಶಿಬಿರಕ್ಕೆ ಮಾತ್ರ ಅದರಿಂದ ಊನವಾಗಲಿಲ್ಲ. ಬರವಣಿಗೆಯ ಕನ್ನಡವನ್ನು ತರಗತಿ ಕಾಪಾಡಿಕೊಳ್ಳುತ್ತದೆ. ಅದಕ್ಕೆ ಐದು ದಿನಗಳಿವೆ. ಆದರೆ ಯಾವ ಮನೆಯಲ್ಲೂ ಯಾರೂ ಆಡದ ಕನ್ನಡವನ್ನಷ್ಟೇ ಕಲಿತವನು ಇಳಿದ ಮೊದಲ ಬಸ್ ನಿಲ್ದಾಣದಲ್ಲೇ ಕಿವುಡನಾಗುತ್ತಾನೆ. ಮಂಡ್ಯದ ಮಾತನ್ನು ಸಿನಿಮಾದವರು ನಗಿಸುವುದಕ್ಕೆ ಬಳಸಿ ಬಳಸಿ ನಮ್ಮೊಳಗೂ ಅದರ ಬಗ್ಗೆ ಒಂದು ತಮಾಷೆಯ ಭಾವ ಕೂತುಬಿಟ್ಟಿದೆ. ನೀಲಗಾರರು ರಾತ್ರಿಯಿಡೀ ಮಂಟೇಸ್ವಾಮಿಯ ಕಾವ್ಯವನ್ನು ಹಾಡುವುದು ಈ ಸೀಮೆಯ ಹಳ್ಳಿಗರ ಮಾತಿನಲ್ಲೇ ಎಂಬುದನ್ನು ನೆನಪಿಸಿದರೆ ಮೇಷ್ಟ್ರುಗಳು ತುಸು ಮೆತ್ತಗಾಗುತ್ತಾರೆ.

ಇಷ್ಟು ಹೊತ್ತು ಕನ್ನಡ ಕಲಿಯುವ ಪರದೇಶಿಗಳ ಮಾತಾಯಿತು. ನಮ್ಮವರೇ ಫ್ರೆಂಚ್ ಕಲಿಯುತ್ತಾರಲ್ಲ, ಅವರ ಶನಿವಾರ ಎಲ್ಲಿಗೆ? ಕರ್ನಾಟಕದ ಪಿಯು ಕಾಲೇಜುಗಳಲ್ಲಿ ಭಾಷಾ ವಿಷಯವಾಗಿ ಫ್ರೆಂಚ್ ಆರಿಸಿಕೊಳ್ಳುವ ಮಕ್ಕಳಿದ್ದಾರೆ, ಬಹಳ ಮಂದಿ ಅಂಕದ ಆಸೆಗೆ. ಬೆಂಗಳೂರಿನ ಫ್ರೆಂಚ್ ತರಗತಿಯವರು ಹೊರಗೆ ಹೋಗುವುದಾದರೆ ಪುದುಚೇರಿಗೆ ಹೋಗುತ್ತಾರೆ. ಹಳದಿ ಗೋಡೆಗಳ ಮುಂದೆ ನಿಂತು, ಫ್ರೆಂಚ್ ಹೆಸರಿನ ತಿನಿಸು ತಿಂದು, ತಮಿಳಿನವರೊಂದಿಗೆ ಇಂಗ್ಲಿಷ್ ಆಡಿ ಬರುತ್ತಾರೆ. ಹತ್ತಿರದಲ್ಲೇ, ಮಂಡ್ಯ ಜಿಲ್ಲೆಯಲ್ಲೇ, ಫ್ರೆಂಚಿಗೆ ಇದಕ್ಕಿಂತ ಗಟ್ಟಿಯಾದ ಕೆಲಸವಿದೆ. ಇಂದಿನ ಪಾಂಡವಪುರಕ್ಕೆ ಹಿರೋಡೆ ಎಂಬುದು ಹಳೆಯ ಹೆಸರು. ಹೈದರ್ ಮತ್ತು ಟಿಪ್ಪುವಿನ ಕೈಕೆಳಗಿದ್ದ ಫ್ರೆಂಚ್ ಪಡೆ ಅಲ್ಲಿನ ಬಂಡೆಗಳ ಬುಡದಲ್ಲಿ ಬೀಡುಬಿಟ್ಟಿದ್ದರಿಂದ ಬ್ರಿಟಿಷರ ಕಾಲದಲ್ಲಿ ಅದು ಫ್ರೆಂಚ್ ರಾಕ್ಸ್ ಆಯಿತು; ರೈಲು ನಿಲ್ದಾಣಕ್ಕೂ ಅದೇ ಹೆಸರಿತ್ತು. 1797ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಫ್ರೆಂಚರು ರಿಪೋ ಎಂಬಾತನ ಮುಂದಾಳತ್ವದಲ್ಲಿ ಸಭೆ ಸೇರಿ, ತಮ್ಮ ಗಣರಾಜ್ಯದ ತ್ರಿವರ್ಣ ಧ್ವಜ ಹಾರಿಸಿ, ಸ್ವಾತಂತ್ರ್ಯದ ಮರ ನೆಟ್ಟರು ಎಂದು 1799ರಲ್ಲಿ ಪಟ್ಟಣ ಬಿದ್ದ ಮೇಲೆ ಬ್ರಿಟಿಷರ ಕೈಗೆ ಸಿಕ್ಕಿದ ಕಾಗದಗಳು ಹೇಳುತ್ತವೆ. ಅದನ್ನು ಜಾಕೊಬಿನ್ ಕ್ಲಬ್ ಎನ್ನುವುದು ಸರಿಯೇ, ಆ ಕಾಗದಗಳನ್ನು ಎಷ್ಟು ನಂಬಬಹುದು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಒಮ್ಮತವಿಲ್ಲದ ಕಾಗದಗಳೇ ವಿದ್ಯಾರ್ಥಿಗಳಿಗೆ ಒಳ್ಳೆಯ ಪಠ್ಯ. ಶ್ರೀರಂಗಪಟ್ಟಣದಿಂದ ಶಿವಪುರಕ್ಕೆ ಐವತ್ತು ಕಿಲೋಮೀಟರೂ ಇಲ್ಲ. ಎರಡು ಧ್ವಜಗಳ ನಡುವಿನ ಆ ದಾರಿಯನ್ನು ಫ್ರೆಂಚ್ ಕಲಿಯುವವರೂ ಕನ್ನಡ ಕಲಿಯುವವರೂ ಒಂದೇ ಶನಿವಾರ ಎದುರುಬದುರಾಗಿ ಕ್ರಮಿಸಬಹುದು.

ಶ್ರೀರಂಗಪಟ್ಟಣ ಇನ್ನೊಬ್ಬ ಫ್ರೆಂಚನ ನೆನಪನ್ನೂ ತರುತ್ತದೆ. ಪಾದ್ರಿ ಅಬ್ಬೆ ದ್ಯುಬುವಾ 1792ರಲ್ಲಿ ಭಾರತಕ್ಕೆ ಬಂದು, ಟಿಪ್ಪುವಿನ ಪತನದ ನಂತರ ಈ ಸೀಮೆಯಲ್ಲಿ ನೆಲೆನಿಂತು, 1823ರಲ್ಲಿ ವಾಪಸು ಹೋದ. ಇಲ್ಲಿನವರ ಉಡುಗೆ ಉಟ್ಟು, ಇಲ್ಲಿನವರ ಊಟ ಉಂಡು, ಸಿಡುಬಿಗೆ ಲಸಿಕೆ ಹಾಕಿಸುತ್ತ ಊರೂರು ತಿರುಗಿದ. ಅವನು ಶಿಬಿರಕ್ಕೆ ಸೇರಿದವನಲ್ಲ, ಬದುಕಿದ್ದೇ ಶಿಬಿರದಲ್ಲಿ. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಅವನು ಬರೆದ ಹೊತ್ತಗೆಯ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಕೊಂಡುಕೊಂಡಿತು, 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು. ಇಷ್ಟು ಕೇಳಿ ಅವನನ್ನು ಮೆಚ್ಚುವ ಮೊದಲು ಇನ್ನೊಂದನ್ನೂ ಹೇಳಬೇಕು. ಆ ಪುಸ್ತಕದ ದೊಡ್ಡ ಭಾಗ ಅವನಿಗಿಂತ ಹಿಂದಿನ ಜೆಸ್ವಿಟ್ ಪಾದ್ರಿ ಕರ್ದೂನ ಹಸ್ತಪ್ರತಿಯಿಂದ ಬಂದದ್ದು ಎಂದು ಸಿಲ್ವಿಯಾ ಮುರ್ ಎಂಬ ಫ್ರೆಂಚ್ ವಿದುಷಿ ತೋರಿಸಿಕೊಟ್ಟಿದ್ದಾಳೆ. ವರ್ಷಗಟ್ಟಲೆ ಜನರ ನಡುವೆ ಮುಳುಗೆದ್ದವನೂ ಬರೆಯಲು ಕೂತಾಗ ಕಾಗದದಿಂದ ಕಾಗದಕ್ಕೆ ಇಳಿಸಿದ. ಅವನು ಬರೆದದ್ದರಲ್ಲಿ ಆ ಜನರನ್ನು ಕಂಡರೆ ಒಂದು ತಿರಸ್ಕಾರವೂ ಉಳಿದೇ ಇತ್ತು. ಭಾಷೆ ಬಂದ ಮಾತ್ರಕ್ಕೆ ಸ್ನೇಹ ಬರುವುದಿಲ್ಲ ಎಂಬುದಕ್ಕೆ ಇವನೇ ಸಾಕ್ಷಿ. ಆದ್ದರಿಂದ ಶನಿವಾರದ ಶಿವಪುರದಿಂದ ನಾನು ಬಯಸುವುದು ಭಾಷೆಯನ್ನು ಮಾತ್ರ; ಸಂಸ್ಕೃತಿ ಪರಿಚಯ, ಹೃದಯಗಳ ಬೆಸುಗೆ ಎಂದೆಲ್ಲ ಕರಪತ್ರದಲ್ಲಿ ಬರೆದುಕೊಳ್ಳುವುದು ಬೇಡ.

ಉಳಿದಿರುವುದು ಎಲ್ಲಕ್ಕಿಂತ ಕಷ್ಟದ ಆಕ್ಷೇಪ, ಅದು ಶಿವಪುರದವರದ್ದು. ಅಥವಾ ಅವರದ್ದಾಗಬಹುದಾದದ್ದು. ನಾವೇನು ನಿಮ್ಮ ಪ್ರಯೋಗಶಾಲೆಯೇ? ಪ್ರತಿ ಮಳೆಗಾಲ ನೋಟ್‌ಬುಕ್ ಹಿಡಿದ ಹುಡುಗ ಹುಡುಗಿಯರು ಬಂದು ನಮ್ಮಪ್ಪನ ಕತೆ ಕೇಳಿ, ನಮ್ಮ ಮಾತನ್ನು ಫೋನಿನಲ್ಲಿ ಹಿಡಿದುಕೊಂಡು ಹೋದರೆ ನಮಗೇನು ಬಂತು? ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಟ್ರುವಾ ಪಿಸ್ತೋಲ್‌ನಲ್ಲಿ ವಿದ್ಯಾರ್ಥಿಗಳನ್ನು ಇಟ್ಟುಕೊಳ್ಳುವ ಮನೆಗಳಿಗೆ ಹಣ ಸಲ್ಲುತ್ತದೆ. ಭಾಷೆ ಕಲಿಸುವುದು ಅಲ್ಲಿ ಊರಿನ ಕಸುಬುಗಳಲ್ಲಿ ಒಂದು. ಇಲ್ಲಿಯೂ ಬಸ್ಸಿನ ಬಾಡಿಗೆಗೆ, ಹೋಟೆಲಿನ ಊಟಕ್ಕೆ, ಅರಮನೆಯ ಟಿಕೆಟಿಗೆ ಎತ್ತಿಡುವ ದುಡ್ಡಿದೆಯಲ್ಲ. ರೈಲಿನಲ್ಲಿ ಹೋದರೆ ಅದರ ಬಹುಪಾಲು ಉಳಿಯುತ್ತದೆ. ಉಳಿದದ್ದು ಮಧ್ಯಾಹ್ನದ ಊಟ ಹಾಕುವ ಮನೆಗಳಿಗೆ, ಊರಿನ ಗ್ರಂಥಾಲಯಕ್ಕೆ ಹೋಗಲಿ. ಕೇಳಿಸಿಕೊಂಡು ಬರೆದ ಕತೆಗಳ ಕನ್ನಡ ಪ್ರತಿ, ವಿದ್ಯಾರ್ಥಿಗಳ ತಪ್ಪುಗಳನ್ನು ಮೇಷ್ಟ್ರು ತಿದ್ದಿದ ಮೇಲೆ, ಶಿವಪುರದಲ್ಲೇ ಉಳಿಯಲಿ. ಯಾರ ಮಾತನ್ನು ಬರೆದುಕೊಂಡರೋ ಅವರಿಗೆ ಮೊದಲು ಓದಿ ಹೇಳಿ, ಬೇಡವೆಂದದ್ದನ್ನು ಹೊಡೆದುಹಾಕಲಿ. ಹಾಗೆ ಓದಿ ಹೇಳುವ ಶನಿವಾರಕ್ಕೆ ಶಿಬಿರದ ಕೊನೆಯ ವಾರ ಒಳ್ಳೆಯದು. ಆ ವಾರ ಹೇಗೂ ಪರೀಕ್ಷೆ ಇರುತ್ತದೆ, ಅಂಕ ಹಾಕುವವರು ಮೈಸೂರಿನಿಂದ ಬಂದು ಜಗಲಿಯ ಮೂಲೆಯಲ್ಲಿ ಕೂತುಕೊಳ್ಳಬಹುದು.